ತಡೆಗೋಡೆ ಇಲ್ಲದೆ ತಗ್ಗಿನ ಓಣಿ ಉಳಿಸಿಕೊಂಡದ್ದು: ಸಿಂಧನೂರು ಕಡೆಯ ಅನುಭವ

ಗೋಡೆ ಕಟ್ಟದ ಹೊರತು ಹಳ್ಳದ ನೀರು ತಡೆಯಲಾಗದು ಎಂದವರೇ ಹೆಚ್ಚು. ಎರಡು ಸೆಪ್ಟೆಂಬರ್ ಕಳೆದವು, ನಮ್ಮ ತಗ್ಗಿನ ಓಣಿಯ ಒಂದು ಮನೆಯ ಹೊಸ್ತಿಲನ್ನೂ ನೀರು ದಾಟಿಲ್ಲ. ಮಾಡಿದ ಕೆಲಸವೆಲ್ಲ ಓಣಿಯ ಹೊರಗೆ, ಹಳ್ಳದ ಮೇಲ್ಗಡೆ.

ಎರಿ ಭೂಮಿಯ, ಅಂದರೆ ಕಪ್ಪು ಜಿಗುಟು ಮಣ್ಣಿನ, ಗುಣ ಎಲ್ಲರಿಗೂ ಗೊತ್ತು. ಜೂನ್ ಮಳೆಯನ್ನು ಬಿರುಕುಗಳೇ ಕುಡಿಯುತ್ತವೆ, ಸೆಪ್ಟೆಂಬರ್ ಹೊತ್ತಿಗೆ ಮಣ್ಣು ಉಬ್ಬಿ ಬಾಯಿ ಮುಚ್ಚಿರುತ್ತದೆ. ಆಗ 50 ಮಿ.ಮೀ. ಸುರಿದರೆ ಎಕರೆಗೆ 2 ಲಕ್ಷ ಲೀಟರ್, ಬಹುಪಾಲು ಹರಿದೇ ಬರುತ್ತದೆ. ಇದಕ್ಕೆ 5 ಎಚ್‌ಪಿ ಡೀಸೆಲ್ ಎಂಜಿನ್ ಕೂಡಿಸಿದ್ದು ನಮ್ಮ ಮೊದಲ ತಪ್ಪು. ಸೆಕೆಂಡಿಗೆ 10–12 ಲೀಟರ್ ಎತ್ತುವ ಎಂಜಿನ್‌ಗೆ ಒಂದೇ ಎಕರೆಯ ನೀರು 5 ತಾಸಿನ ಕೆಲಸ. ನಮ್ಮ ಹಳ್ಳಕ್ಕೆ ಇಳಿಯುವುದು ಸುಮಾರು 300 ಎಕರೆಯದು. ಬಾಡಿಗೆ, ಡೀಸೆಲ್ ಸೇರಿ 9 ಸಾವಿರ ಹೋಯಿತು. ಇಂಗುಗುಂಡಿಯನ್ನೂ ತೋಡಿ ನೋಡಿದೆವು. ಅರ್ಧ ತಾಸಿಗೆ ತುಂಬಿತು, ವಾರವಾದರೂ ಇಂಗಲಿಲ್ಲ, ಸೊಳ್ಳೆ ಎದ್ದವು. ಎರಿಯಲ್ಲಿ ಅದು ಬೇಡ.

ಬರೀ ಎರಿ ಮಣ್ಣಿನ ಒಡ್ಡೂ ನಿಲ್ಲಲಿಲ್ಲ. ಬೇಸಿಗೆಯಲ್ಲಿ ಸೀಳಿತು, ಸೀಳಿನಲ್ಲಿ ನೀರು ಹೊಕ್ಕು ಒಳಗಿನಿಂದಲೇ ಕೊರೆಯಿತು. ಈಗಿನ ಒಡ್ಡಿಗೆ ಅರ್ಧ ಅಡಿಗೊಂದು ಪದರ ಹಾಕಿ ಟ್ರ್ಯಾಕ್ಟರ್ ಓಡಿಸಿ, ಮೇಲೆ ಒಂದು ಅಡಿ ಗರಸು ಹೊದಿಸಿದ್ದೇವೆ.

ನಿಜವಾದ ರೋಗ ಇದ್ದದ್ದು ರಸ್ತೆಯ ಮೋರಿಯಲ್ಲಿ. ಎರಡಡಿಯ ಮೂರು ಪೈಪು. ಬಳ್ಳಾರಿ ಜಾಲಿಯ ಟೊಂಗೆ ಅಡ್ಡ ಬಿದ್ದು, ಅದಕ್ಕೆ ಭತ್ತದ ಹುಲ್ಲು ಸುತ್ತಿಕೊಂಡರೆ ಮೂರೂ ಬಂದ್. ಹೊಸದಾಗಿ ಹಾಕುವವರು, ಆಳ ಸಿಕ್ಕರೆ, ಮೂರಡಿಯದು ಒಂದೇ ಹಾಕಿ. ಹರಿವು ಹೆಚ್ಚುಕಡಿಮೆ ಅಷ್ಟೇ, ಕಸ ಸಿಕ್ಕುವುದು ಕಡಿಮೆ. ನಮಗೆ ರಸ್ತೆ ಅಗೆಯಲು ಅನುಮತಿ ಸಿಗಲಿಲ್ಲ, ಹಾಗಾಗಿ ಮೋರಿಯಿಂದ 30 ಅಡಿ ಮೇಲೆ ಸರಳಿನ ಜಾಳಿಗೆ ನಿಲ್ಲಿಸಿದೆವು. ಮೊದಲನೆಯದು ನೆಟ್ಟಗಿತ್ತು. ಹುಲ್ಲು ಚಾಪೆಯಂತೆ ಅಂಟಿ, ಒಂದೇ ತಾಸಿಗೆ ನೀರು ರಸ್ತೆ ಹತ್ತಿತು. ಎರಡನೆಯದನ್ನು ಹರಿವಿನ ದಿಕ್ಕಿಗೆ ಮಲಗಿಸಿದೆವು, ನೆಲದಿಂದ ಸುಮಾರು 40 ಡಿಗ್ರಿ. 25 ಮಿ.ಮೀ. ಸರಳು 12, ನಡುವೆ 5 ಇಂಚು ಸಂದು, ಬುಡ ಕಾಂಕ್ರೀಟಿನಲ್ಲಿ. ನೀರು ಏರಿದಂತೆ ಕಸ ಮೇಲಕ್ಕೆ ಜಾರುತ್ತದೆ, ಕೆಳಗೆ ದಾರಿ ತೆರೆದಿರುತ್ತದೆ. ಸರಳಿನ ಮೇಲ್ತುದಿ ಹೇಗೆ ಬಾಗಿಸಿದೆವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಬಂದವರಿಗೆ ತೋರಿಸುತ್ತೇವೆ.

ಜಾಲಿಯನ್ನು ಕಡಿದರೆ ಮತ್ತೆ ಚಿಗುರುತ್ತದೆ, ಬೊಡ್ಡೆ ಸಮೇತ ಕೀಳಿಸಿ. ಹಳ್ಳದಿಂದ ತೆಗೆದ ಹೂಳನ್ನು ದಂಡೆಯ ಮೇಲೆ ಬಿಟ್ಟರೆ ಮೊದಲ ಮಳೆಗೇ ವಾಪಸ್ ಹಳ್ಳಕ್ಕೆ. ನಾವು ಹೊಲಗಳಿಗೆ ಹೊಡೆಸಿದೆವು.

ಹಣದ ಮಾತು. ಜೆಸಿಬಿ 22 ತಾಸು, ತಾಸಿಗೆ 1,200ರಂತೆ 26 ಸಾವಿರದ ಮೇಲೆ. ಸರಳು, ವೆಲ್ಡಿಂಗ್, ಕಾಂಕ್ರೀಟ್ 19 ಸಾವಿರ. ಗರಸು 12 ಟ್ರಿಪ್, ಹತ್ತು ಸಾವಿರದ ಒಳಗೆ. ಪಟ್ಟಿ ಎತ್ತಿದ್ದು ಮನೆಗೆ 500, 62 ಮನೆ. ಮೇಲಿನ ಹೊಲದವರಿಂದ ಎಕರೆಗೆ 100. ಹೊಲದವರು ಕೊಡುವುದಿಲ್ಲ ಎಂದೇ ಎಲ್ಲರೂ ಹೇಳಿದ್ದರು. ಮೋರಿ ಕಸದಿಂದ ಕಟ್ಟಿಕೊಂಡಾಗ ಹಿಮ್ಮುಖ ನೀರು ಅವರ ಭತ್ತದಲ್ಲೇ ನಿಲ್ಲುವುದನ್ನು ಗದ್ದೆಯಲ್ಲಿ ನಿಂತು ತೋರಿಸಿದ ಮೇಲೆ ಕೊಟ್ಟರು.

ಇಷ್ಟಾದರೂ ಕಾಲುವೆ ನೀರು ಬಾಕಿ ಇತ್ತು. ಜೋರು ಮಳೆಗೆ ಎಲ್ಲರೂ ತೂಬು ಮುಚ್ಚುತ್ತಾರೆ; ತುಂಗಭದ್ರಾ ಎಡದಂಡೆಯ ಉಪಕಾಲುವೆಯಲ್ಲಿ ಬೇಡವಾದ ನೀರು ಕೊನೆಯ ಭಾಗಕ್ಕೆ, ಅಂದರೆ ನಮ್ಮ ಕಡೆಗೇ ನುಗ್ಗುತ್ತದೆ. ಈಗ ಮೋಡ ಕಟ್ಟಿದೊಡನೆ ಮೇಲಿನ ಊರಿನವರು ಫೋನ್ ಮಾಡುತ್ತಾರೆ, ನಾವು ಕಾಲುವೆ ನೋಡಿಕೊಳ್ಳುವ ಗ್ಯಾಂಗ್‌ಮನ್‌ಗೆ ಹೇಳಿ ಉಪಕಾಲುವೆಯ ಗೇಟು ಇಳಿಸಿಸುತ್ತೇವೆ. ನೀರು ಇಳಿಯಲು 3–4 ತಾಸು ಬೇಕು, ಹನಿ ಬಿದ್ದ ಮೇಲೆ ಹೇಳಿದರೆ ತಡವಾಯಿತು.

ಜಾಳಿಗೆಯ ಕಸವನ್ನು ಮಳೆಯಲ್ಲಿ ಎರಡು ತಾಸಿಗೊಮ್ಮೆ ಎಳೆಯಲೇಬೇಕು. ರಾತ್ರಿ ಪಾಳಿಗೆ ಇಬ್ಬರು, ಉದ್ದ ಹಿಡಿಯ ಕೊಕ್ಕೆ, ಸೊಂಟಕ್ಕೆ ಹಗ್ಗ. ಒಬ್ಬರನ್ನೇ ಕಳಿಸಬೇಡಿ.