ಎಚ್‌-4 ಮಗಳಿಗೆ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್: ಗೊಂದಲ ಬಗೆಹರಿದದ್ದು ಹೀಗೆ

ಅಮೆರಿಕದಲ್ಲಿ 2025ರ ತೆರಿಗೆ ರಿಟರ್ನ್ ತುಂಬುವಾಗ ಸಾಫ್ಟ್‌ವೇರ್ ನಮ್ಮ ಇಬ್ಬರು ಮಕ್ಕಳಿಗೆ ಸಿಗುವ ಕ್ರೆಡಿಟ್ (ತೆರಿಗೆಯಲ್ಲಿ ಕಡಿತ) ಬೇರೆ ಬೇರೆ ತೋರಿಸಿತು. ಇಲ್ಲೇ ಹುಟ್ಟಿದ ಮಗನಿಗೆ 2,200 ಡಾಲರ್, ಮೈಸೂರಲ್ಲಿ ಹುಟ್ಟಿ ಎಚ್‌-4 ವೀಸಾದಲ್ಲಿ (ಎಚ್‌-1ಬಿಯಂಥ ವೀಸಾದವರ ಕುಟುಂಬಕ್ಕೆ ಕೊಡುವಂಥದ್ದು) ಇರುವ ಮಗಳಿಗೆ ಬರೀ 500. ಇಬ್ಬರಿಗೂ 17 ತುಂಬಿಲ್ಲ, ವರ್ಷವಿಡೀ ನಮ್ಮ ಜೊತೆಗೇ ಇದ್ದವರು. ಸಾಫ್ಟ್‌ವೇರೇ ಸರಿಯಿಲ್ಲ ಅಂದರು ಗೆಳೆಯರು.

ಈ ಕ್ರೆಡಿಟ್ ಲೆಕ್ಕ ಹಾಕುವ ನಮೂನೆಯಾದ ಶೆಡ್ಯೂಲ್ 8812ರ ಸೂಚನೆಗಳನ್ನು ಓದಿದಾಗ ಗಂಟು ಬಿಚ್ಚಿತು. ಪೂರ್ತಿ ಕ್ರೆಡಿಟ್‌ಗೆ ಮಗುವಿನ ಹೆಸರಲ್ಲಿ ಕೆಲಸಕ್ಕೆ ಮಾನ್ಯವಾದ ಸೋಷಿಯಲ್ ಸೆಕ್ಯುರಿಟಿ ನಂಬರ್ (ಎಸ್‌ಎಸ್‌ಎನ್) ಇರಲೇಬೇಕು, ಅದೂ ರಿಟರ್ನ್‌ನ ಗಡುವಿನೊಳಗೆ ಬಂದಿರಬೇಕು. ಎಚ್‌-4 ಮಕ್ಕಳಿಗೆ ಸಾಮಾನ್ಯವಾಗಿ ಸಿಗುವುದು ಐಟಿನ್, ಅಂದರೆ ಎಸ್‌ಎಸ್‌ಎನ್ ಸಿಗದವರಿಗೆ ತೆರಿಗೆಗಾಗಿ ಕೊಡುವ ಸಂಖ್ಯೆ. ಐಟಿನ್ ಇದ್ದರೆ 'ಇತರ ಅವಲಂಬಿತರ' ಕ್ರೆಡಿಟ್ ಮಾತ್ರ. ಆ 500 ಅದೇ. ಕಟ್ಟಬೇಕಾದ ತೆರಿಗೆ ಇಳಿಸುತ್ತದೆ, ರೀಫಂಡ್ ಆಗಿ ಕೈಗೆ ಬರುವುದಿಲ್ಲ.

ಮಗಳಿಗೆ ಐಟಿನ್ ಇನ್ನೂ ಆಗಿರಲಿಲ್ಲ. ಅದನ್ನು ಕೋರುವ ಡಬ್ಲ್ಯೂ-7 ಅರ್ಜಿಯನ್ನು ರಿಟರ್ನ್ ಜೊತೆಗೇ ಕಳಿಸಿದೆವು. ಅಸಲಿ ಪಾಸ್‌ಪೋರ್ಟ್ ಅಂಚೆಗೆ ಹಾಕಲು ಧೈರ್ಯ ಯಾರಿಗಿದೆ! ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ನ ಮಾನ್ಯತೆ ಇರುವ ಏಜೆಂಟರ ಬಳಿ ಅದರ ಪರಿಶೀಲನೆ ಮಾಡಿಸಿದೆವು. ಪಾಸ್‌ಪೋರ್ಟಿನಲ್ಲಿ ಅಮೆರಿಕ ಪ್ರವೇಶಿಸಿದ ದಿನಾಂಕದ ಮೊಹರು ಇರಲಿಲ್ಲ, ಹಾಗಾಗಿ ಶಾಲೆಯ ದಾಖಲೆಯನ್ನೂ ಲಗತ್ತಿಸಬೇಕಾಯಿತು.

ಮುಂದೆ ಗ್ರೀನ್ ಕಾರ್ಡ್ ಬಂದು ಎಸ್‌ಎಸ್‌ಎನ್ ಸಿಕ್ಕರೂ ಹಿಂದಿನ ವರ್ಷಗಳ ರಿಟರ್ನ್ ತಿದ್ದಿ 2,200 ಕೇಳಲಾಗದು.