ಸ್ಮಾರ್ಟ್‌ವಾಚ್ ಕೊಳ್ಳುವ ಮುನ್ನ ಬಿಡಿಭಾಗಗಳ ವಸ್ತುಗಳನ್ನು ಪರಿಶೀಲಿಸುವುದು ಹೇಗೆ?

ಸ್ಮಾರ್ಟ್‌ವಾಚ್ ಎಷ್ಟು ಕಾಲ ಬಾಳಿಕೆ ಬರುತ್ತದೆ ಎಂಬುದು ಅದರಲ್ಲಿರುವ ಆ್ಯಪ್‌ಗಳಿಗಿಂತ ಹೆಚ್ಚಾಗಿ ಕವಚ, ಗಾಜು, ರಬ್ಬರ್ ಉಂಗುರದಂತಹ ಭಾಗಗಳನ್ನು ಯಾವ ವಸ್ತುವಿನಿಂದ ಮಾಡಿದ್ದಾರೆ ಎಂಬುದನ್ನು ಅವಲಂಬಿಸಿದೆ. ತಯಾರಕರ ಜಾಲತಾಣದಲ್ಲಿ ನಿಮ್ಮ ಆಯ್ಕೆಯ ಮಾದರಿಯ ತಾಂತ್ರಿಕ ವಿವರಗಳನ್ನು ತೆರೆದಿಟ್ಟುಕೊಂಡು ಪರಿಶೀಲನೆ ಆರಂಭಿಸಿ.

ಮೊದಲು ಕವಚವನ್ನು ನೋಡಿ. ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ ಸುಮಾರು 2.7 ಗ್ರಾಂ, ಟೈಟಾನಿಯಂ 4.5 ಗ್ರಾಂ, ಸ್ಟೇನ್‌ಲೆಸ್ ಸ್ಟೀಲ್ 8 ಗ್ರಾಂ ತೂಗುತ್ತದೆ. ‘316ಎಲ್’ ಎಂದು ನಮೂದಿಸಿರುವ ಉಕ್ಕಿನಲ್ಲಿ ಮಾಲಿಬ್ಡಿನಂ ಎಂಬ ಲೋಹ ಬೆರೆತಿರುವುದರಿಂದ ಅದು ಬೆವರಿನ ಉಪ್ಪಿಗೆ ಸುಲಭವಾಗಿ ತುಕ್ಕು ಹಿಡಿಯುವುದಿಲ್ಲ. ಆದರೆ ಅದರಲ್ಲಿ ಶೇ 10ರಿಂದ 14ರಷ್ಟು ನಿಕಲ್ ಇರುವ ಕಾರಣ, ನಿಕಲ್ ಅಲರ್ಜಿ ಇರುವವರಿಗೆ ಟೈಟಾನಿಯಂ ಕ್ಷೇಮಕರ. ಅಂತಹ ತೊಂದರೆ ಇಲ್ಲದವರು ಟೈಟಾನಿಯಂಗೆ ಹೆಚ್ಚು ಹಣ ತೆತ್ತರೆ ಸಿಗುವ ಲಾಭ ಬಹುಪಾಲು ಉಕ್ಕಿಗೆ ಹೋಲಿಸಿದರೆ ಆಗುವ ತೂಕದ ಇಳಿಕೆಯಷ್ಟೇ.

ಎರಡನೆಯದಾಗಿ ಪರದೆಯ ಗಾಜು. ನನ್ನ ದೃಷ್ಟಿಯಲ್ಲಿ ಹೆಚ್ಚು ವಿಚಾರ ಮಾಡಬೇಕಾದದ್ದು ಇಲ್ಲಿಯೇ. ಸಾಮಾನ್ಯ ಮಾದರಿಗಳಲ್ಲಿ ಬಳಸುವ ಗಾಜನ್ನು ಕರಗಿದ ಪೊಟ್ಯಾಸಿಯಂ ಲವಣದಲ್ಲಿ ಅದ್ದಿ, ಮೇಲ್ಮೈಯಲ್ಲಿನ ಸಣ್ಣ ಸೋಡಿಯಂ ಅಯಾನುಗಳ ಜಾಗದಲ್ಲಿ ದೊಡ್ಡ ಪೊಟ್ಯಾಸಿಯಂ ಅಯಾನುಗಳು ಕೂರುವಂತೆ ಮಾಡುತ್ತಾರೆ. ಹೀಗೆ ಒತ್ತೊತ್ತಾದ ಮೇಲ್ಪದರ ಬಿರುಕು ಹರಡದಂತೆ ತಡೆಯುತ್ತದೆ. ದುಬಾರಿ ಮಾದರಿಗಳಲ್ಲಿ ಇರುವ ಸಫೈರ್, ಅಲ್ಯೂಮಿನಿಯಂ ಆಕ್ಸೈಡಿನ ಹರಳು. ಗಡಸುತನವನ್ನು 1ರಿಂದ 10ರವರೆಗೆ ಗುರುತಿಸುವ ಮೋಸ್ ಮಾಪಕದಲ್ಲಿ ಅದರ ಅಂಕ 9, ಮರಳಿನ ಕಣದ್ದು 7. ಆದ್ದರಿಂದ ದೂಳು, ಮರಳಿನಿಂದ ಅದರ ಮೇಲೆ ಗೀರು ಬೀಳುವುದಿಲ್ಲ. ಹಾಗೆಂದು ಅದು ಒಡೆಯುವುದಿಲ್ಲ ಎಂದಲ್ಲ. ಗಡಸಾದರೂ ಅದು ಬಾಗದ ವಸ್ತುವಾದ್ದರಿಂದ ಜೋರಾದ ಪೆಟ್ಟಿಗೆ ಸೀಳಬಹುದು. ಗೋಡೆಗೆ, ಕಲ್ಲಿಗೆ ಕೈ ಉಜ್ಜುವ ಕೆಲಸದವರು ಸಫೈರ್ ಆರಿಸಿಕೊಳ್ಳುವುದು ಒಳ್ಳೆಯದು.

ಮೂರನೆಯದು ಹಿಂಬದಿ. ನಿಸ್ತಂತು ಚಾರ್ಜಿಂಗ್‌ಗೆ ಲೋಹ ಅಡ್ಡಿಯಾಗುವುದರಿಂದ, ಆ ಸೌಲಭ್ಯವಿರುವ ಗಡಿಯಾರಗಳಲ್ಲಿ ಪ್ಲಾಸ್ಟಿಕ್, ಸೆರಾಮಿಕ್ ಅಥವಾ ಗಾಜನ್ನು ಬಳಸುತ್ತಾರೆ. ನಾಡಿಮಿಡಿತ ಅಳೆಯುವ ಹಸಿರು ಬೆಳಕು ಚರ್ಮವನ್ನು ಮುಟ್ಟಿ ಹಿಂದಿರುಗಲು ಪಾರದರ್ಶಕ ಕಿಂಡಿಯೂ ಬೇಕು.

ಕೈಗೆ ಕಟ್ಟುವ ಪಟ್ಟಿಯ ವಿಚಾರ ಸರಳ: ಬೆವರು, ಎಣ್ಣೆಗೆ ಸಿಲಿಕೋನ್‌ಗಿಂತ ಫ್ಲೋರೋರಬ್ಬರ್ (ಫ್ಲೋರಿನ್ ಇರುವ ಕೃತಕ ರಬ್ಬರ್) ಚೆನ್ನಾಗಿ ತಡೆದುಕೊಳ್ಳುತ್ತದೆ.

ಕೊನೆಗೆ, ವಿವರಗಳ ಪುಟದಲ್ಲಿ ಹೆಚ್ಚಾಗಿ ಹೆಸರೇ ಕಾಣದ, ಕವಚದ ಸಂದುಗಳನ್ನು ಮುಚ್ಚುವ ರಬ್ಬರ್ ಉಂಗುರಗಳು. ನೀರನ್ನು ತಡೆಯುವುದರಲ್ಲಿ ಇವುಗಳ ಪಾತ್ರ ದೊಡ್ಡದು. ವಿವರಗಳಲ್ಲಿ ನೀರು ತಡೆಯುವ ಮಟ್ಟವಾಗಿ ಕಾಣುವ ‘5 ಎಟಿಎಂ’ (ಅಟ್ಮಾಸ್ಫಿಯರ್) ಎಂದರೆ ಸುಮಾರು 50 ಮೀಟರ್ ಆಳದ ನಿಶ್ಚಲ ನೀರಿನ ಒತ್ತಡಕ್ಕೆ ಸಮನಾದ ಪ್ರಮಾಣವೇ ಹೊರತು, ಅಷ್ಟು ಆಳಕ್ಕೆ ಮುಳುಗಲು ಪರವಾನಗಿಯಲ್ಲ. ಸಾಬೂನು, ಬಿಸಿ ಹಬೆ, ವಯಸ್ಸು ಇವೆಲ್ಲ ಉಂಗುರದ ಬಿಗಿಯನ್ನು ಕುಗ್ಗಿಸುತ್ತವೆ. ಮುಂದೆ ಬ್ಯಾಟರಿ ಬದಲಿಸಲು ಗಡಿಯಾರವನ್ನು ಬಿಚ್ಚಿದಾಗ ಉಂಗುರವನ್ನೂ ಹೊಸದಾಗಿ ಹಾಕಿ, ನೀರಿನ ಒತ್ತಡದ ಪರೀಕ್ಷೆ ಮಾಡಿಕೊಡುತ್ತಾರೆಯೇ ಎಂದು ಕೊಳ್ಳುವ ಮೊದಲೇ ಕೇಳಿ ತಿಳಿದುಕೊಳ್ಳಿ.