ವೆನಿಸ್‌ನ ಗದ್ದಲ ಬೇಡ ಅನ್ನುವವರಿಗೆ ಬೇರೆ ಬೋಟು

ವೆನಿಸ್‌ಗೆ ಹೋದವರು ಸಾಮಾನ್ಯವಾಗಿ ಎರಡು ದ್ವೀಪ ನೋಡಿ ಬರುತ್ತಾರೆ. ಗಾಜಿಗೆ ಮುರಾನೊ, ಬಣ್ಣದ ಮನೆಗಳಿಗೆ ಬುರಾನೊ. ಎರಡೂ ಚೆಂದವೇ, ಆದರೆ ಮಧ್ಯಾಹ್ನದ ಹೊತ್ತಿಗೆ ಕಾಲಿಡಲು ಜಾಗ ಇರುವುದಿಲ್ಲ. ಊರಿನ ಸುತ್ತಲಿನ ಲಗೂನ್, ಅಂದರೆ ಸಮುದ್ರಕ್ಕೆ ತಾಗಿದ ಆಳವಿಲ್ಲದ ಹಿನ್ನೀರು, ಸುಮಾರು 550 ಚದರ ಕಿ.ಮೀ. ಇದೆ. ಅದರಲ್ಲಿ ತರಕಾರಿ ಬೆಳೆಯುವವರ, ಮೀನು ಹಿಡಿಯುವವರ ದ್ವೀಪಗಳೂ ಇವೆ. ಅಲ್ಲಿಗೆ ಟೂರ್ ಬೋಟು ಬೇಡ, ಸ್ಥಳೀಯರು ಹತ್ತುವ ಬೋಟೇ ಸಾಕು.

ಮೊದಲು ಟಿಕೆಟ್ ಲೆಕ್ಕ

ವಪೊರೆಟ್ಟೊ ಎನ್ನುವ ಸಾರ್ವಜನಿಕ ಬೋಟಿನ ಒಂದು ಟಿಕೆಟ್‌ಗೆ 9.50 ಯೂರೊ. ಅದು 75 ನಿಮಿಷ ನಡೆಯುತ್ತದೆ. ಇಡೀ ದಿನದ ಪಾಸ್‌ಗೆ 25 ಯೂರೊ. ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹತ್ತುವುದಿದ್ದರೆ ಪಾಸೇ ಲಾಭ. ಹತ್ತುವ ಮುಂಚೆ ಜೆಟ್ಟಿಯಲ್ಲಿರುವ ಯಂತ್ರಕ್ಕೆ ಟಿಕೆಟ್ ತಾಗಿಸಲೇಬೇಕು, ಇಲ್ಲದಿದ್ದರೆ ದಂಡ. 2024ರಿಂದ ಕೆಲವು ದಿನ ವೆನಿಸ್‌ಗೆ ಪ್ರವೇಶ ಶುಲ್ಕ ಇದೆ. ನಾನು ಹೇಳುತ್ತಿರುವ ಈ ಸಣ್ಣ ದ್ವೀಪಗಳಿಗೆ ಅದಿಲ್ಲ.

ದಿನಕ್ಕೆ ಒಂದೇ ದ್ವೀಪ

ಒಂದೇ ದಿನ ನಾಲ್ಕು ದ್ವೀಪ ಅಂತ ಹೊರಟರೆ ದಿನವೆಲ್ಲ ಜೆಟ್ಟಿಯಲ್ಲೇ ಕಳೆಯುತ್ತದೆ. ನನ್ನ ಮೊದಲ ಆಯ್ಕೆ ಸಾಂತೆರಾಸ್ಮೊ. ಫೊಂದಮೆಂತೆ ನೋವೆ ಜೆಟ್ಟಿಯಿಂದ 13ನೇ ನಂಬರಿನ ಬೋಟು ಹತ್ತಿ. ದ್ವೀಪದಲ್ಲಿ ಮೂರು ನಿಲ್ದಾಣ ಇವೆ. ಕಪನ್ನೋನೆಯಲ್ಲಿ ಇಳಿದರೆ ಸೈಕಲ್ ಬಾಡಿಗೆಗೆ ಸಿಗುವುದು ಸುಲಭ. ಇಲ್ಲಿ ಅರಮನೆಯೂ ಇಲ್ಲ, ಮ್ಯೂಸಿಯಂ ಸಾಲೂ ಇಲ್ಲ. ಹೊಲ, ಕಾಲುವೆ, ಟ್ರ್ಯಾಕ್ಟರ್, ಮೂರು ಚಕ್ರದ ಪುಟ್ಟ ಗಾಡಿ. ವೆನಿಸ್‌ನ ತರಕಾರಿ ತೋಟ ಅನ್ನುವುದು ಇದನ್ನೇ.

ಏಪ್ರಿಲ್–ಮೇನಲ್ಲಿ ಹೋದರೆ ಕಸ್ತ್ರೌರೆ ನೋಡಬಹುದು. ಆರ್ಟಿಚೋಕ್ ಅಂದರೆ ಹೂವಿನ ಮೊಗ್ಗನ್ನೇ ತಿನ್ನುವ ತರಕಾರಿ. ನೇರಳೆ ಬಣ್ಣದ ಆರ್ಟಿಚೋಕ್ ಗಿಡದ ತುದಿಯ ಮೊದಲ ಮೊಗ್ಗು ಕಸ್ತ್ರೌರೆ. ಒಂದು ಗಿಡಕ್ಕೆ ಒಂದೇ. ಅದನ್ನು ಕತ್ತರಿಸಿ ತೆಗೆದರೆ ಪಕ್ಕದಲ್ಲಿ ಇನ್ನಷ್ಟು ಮೊಗ್ಗು ಒಡೆಯುತ್ತವೆ. ಆ ಮೊದಲ ಮೊಗ್ಗು ಎಷ್ಟು ಎಳೆಯದೆಂದರೆ ತೆಳ್ಳಗೆ ಹೆಚ್ಚಿ, ಆಲಿವ್ ಎಣ್ಣೆ, ಉಪ್ಪು ಹಾಕಿ ಹಸಿಯಾಗಿಯೇ ತಿನ್ನುತ್ತಾರೆ. ಸ್ವಲ್ಪ ಕಹಿ ಇರುತ್ತದೆ, ಹಾಗಲಕಾಯಿ ತಿನ್ನುವ ನಮಗೆ ಅದೇನು ಮಹಾ ಅಲ್ವಾ? ಸೈಕಲ್ ತುಳಿಯುತ್ತಾ ಹಾಗೇ ಮುಂದೆ ಹೋದರೆ ಆಸ್ಟ್ರಿಯನ್ನರು 19ನೇ ಶತಮಾನದಲ್ಲಿ ಕಟ್ಟಿದ ದುಂಡನೆಯ ಕೋಟೆ ಇದೆ. ಹೊಲದೊಳಗೆ ಮಾತ್ರ ಇಳಿಯಬೇಡಿ. ಬೇಲಿ ಇಲ್ಲದಿದ್ದರೂ ಅದು ಯಾರದೋ ಜಮೀನು.

ಇನ್ನೊಂದು ದಿನ ಪೆಲ್ಲೆಸ್ತ್ರಿನಾ

ಇದರ ದಾರಿಯೇ ಮಜಾ. ಲಿದೊ ದ್ವೀಪಕ್ಕೆ ಬೋಟಿನಲ್ಲಿ ಬಂದು 11ನೇ ನಂಬರಿನ ಬಸ್ ಹತ್ತಬೇಕು. ಆ ಬಸ್ಸು ಪ್ರಯಾಣಿಕರ ಸಮೇತ ಫೆರಿ ಹತ್ತಿ ಮಲಮೊಕ್ಕೊ ಅಳಿವೆ ದಾಟುತ್ತದೆ. ಸಮುದ್ರದ ಉಬ್ಬರದ ನೀರು ಊರಿಗೆ ನುಗ್ಗದಂತೆ ತಡೆಯಲು 2020ರಿಂದ ಬಳಸುತ್ತಿರುವ ಮೋಸೆ ಗೇಟುಗಳ ಒಂದು ಸಾಲು ಇದೇ ಅಳಿವೆಯ ತಳದಲ್ಲಿದೆ.

ಪೆಲ್ಲೆಸ್ತ್ರಿನಾ ಸುಮಾರು 11 ಕಿ.ಮೀ. ಉದ್ದ, ಅಗಲ ಮಾತ್ರ ಏನೇನೂ ಇಲ್ಲ. ಕಡಲ ಬದಿಗೆ ಮುರಾಝಿ ಎಂಬ ದಪ್ಪ ಕಲ್ಲಿನ ಗೋಡೆ ಇದೆ. ಸಮುದ್ರದಾಚೆಯ ಇಸ್ಟ್ರಿಯಾ ಪ್ರದೇಶದ ಕಲ್ಲು ತಂದು 18ನೇ ಶತಮಾನದಲ್ಲಿ ಕಟ್ಟಿದ್ದು. 1966ರ ನವೆಂಬರ್ 4ರಂದು ಸಮುದ್ರ ಅದನ್ನೂ ಒಡೆದು ಒಳಗೆ ನುಗ್ಗಿತು. ಜನರನ್ನು ದ್ವೀಪದಿಂದ ಸಾಗಿಸಬೇಕಾಯಿತು. ಗೋಡೆ ಹತ್ತಿ ನಿಂತರೆ ಒಂದು ಕಡೆ ಏಡ್ರಿಯಾಟಿಕ್ ಸಮುದ್ರ, ಇನ್ನೊಂದು ಕಡೆ ಮೀನಿನ ದೋಣಿಗಳು. ಊರಿನ ಕೇರಿಗಳಿಗೆ ಇಂದಿಗೂ ನಾಲ್ಕು ಹಳೆಯ ಮನೆತನಗಳದೇ ಹೆಸರು: ಝೆನ್ನಾರಿ, ವಿಯಾನೆಲ್ಲಿ, ಸ್ಕಾರ್ಪಾ, ಬುಸೆಟ್ಟಿ. ಮನೆಗಳು ದಾರಿಗೇ ತಾಗಿವೆ. ಬಲೆ ಸರಿಮಾಡುವವರ, ಬಟ್ಟೆ ಒಣಹಾಕುವವರ ಫೋಟೊ ತೆಗೆಯುವ ಮುಂಚೆ ಕೇಳಿ. ಒಂದು 'ಬೊನ್ ಜೋರ್ನೊ' ಅಂದರೆ ಅರ್ಧ ಕೆಲಸ ಆದಂತೆ.

ಅರ್ಧ ದಿನವಷ್ಟೇ ಇದ್ದರೆ

ಬುರಾನೊದಿಂದ ಮರದ ಸೇತುವೆ ದಾಟಿದರೆ ಮಝೊರ್ಬೊ, ದ್ರಾಕ್ಷಿ ತೋಟಗಳ ಊರು. ತೊರ್ಚೆಲ್ಲೊ ದ್ವೀಪದಲ್ಲಿ ಕ್ರಿ.ಶ. 639ರಲ್ಲಿ ಆರಂಭವಾದ ಚರ್ಚ್ ಇದೆ, ಮೊಸಾಯಿಕ್‌ಗಳನ್ನು ತಪ್ಪಿಸಬೇಡಿ. ಸ್ಯಾನ್ ಲಾಝಾರೊ ದ್ವೀಪ 1717ರಿಂದ ಅರ್ಮೇನಿಯನ್ ಸನ್ಯಾಸಿಗಳದ್ದು. ಅಲ್ಲಿಗೆ 20ನೇ ನಂಬರಿನ ಬೋಟು. ಗೈಡ್ ಜೊತೆಗಷ್ಟೇ ಒಳಗೆ ಬಿಡುತ್ತಾರೆ, ಹಾಗಾಗಿ ಮೊದಲೇ ವಿಚಾರಿಸಿ.

ಹೊರಡುವ ಮುನ್ನ

ನೀರು, ಚಿಲ್ಲರೆ, ಏನಾದರೂ ತಿಂಡಿ ಜೊತೆಗಿರಲಿ. ಮಧ್ಯಾಹ್ನ ಅಂಗಡಿಗಳು ಬಾಗಿಲು ಹಾಕುತ್ತವೆ. ಬೇಸಿಗೆಯಲ್ಲಿ ಸೊಳ್ಳೆ ಜಾಸ್ತಿ. ಇಳಿದ ತಕ್ಷಣ ವಾಪಸ್ ಬೋಟಿನ ವೇಳಾಪಟ್ಟಿಯ ಫೋಟೊ ತೆಗೆದುಕೊಳ್ಳಿ. ಅದರಲ್ಲಿ 'ಫೆರಿಯಾಲೆ' ಕೆಲಸದ ದಿನದ ಪಟ್ಟಿ, 'ಫೆಸ್ತಿವೊ' ಭಾನುವಾರ ಮತ್ತು ರಜಾ ದಿನದ್ದು. 13ನೇ ನಂಬರಿನ ಬೋಟು ಕೆಲವು ಕಡೆ ಕೇಳಿದರೆ ಮಾತ್ರ ನಿಲ್ಲುತ್ತದೆ. ಹತ್ತುವಾಗಲೇ ಸಿಬ್ಬಂದಿಗೆ ಇಳಿಯುವ ಜಾಗ ಹೇಳಿಬಿಡಿ.